‘ಕಾರ್ಟೂನ್ ಥರಾ ಇದೆ’ ಅನ್ನೋದು ಯಾವಾಗಿನಿಂದ ಬೈಗುಳ ಆಯ್ತು ಸ್ವಾಮಿ?

ಒಂದು ಮಾತು ಕೇಳಿ ಕೇಳಿ ಸಾಕಾಗಿ ಹೋಗಿದೆ. ಯಾವುದೇ ಪೌರಾಣಿಕ ಚಿತ್ರದ ಟ್ರೇಲರ್ ಬರಲಿ, ಯಾವುದೇ ಗ್ರಾಫಿಕ್ಸ್ ಚಿತ್ರದ ಟೀಸರ್ ಬರಲಿ, ಎರಡೇ ನಿಮಿಷದಲ್ಲಿ ತೀರ್ಪು ಹೊರಬೀಳುತ್ತದೆ: ‘ಥೂ, ಕಾರ್ಟೂನ್ ಥರಾ ಇದೆ.’ ಹೇಳುವವರ ಮುಖ ನೋಡಬೇಕು, ಹಾಲಿನಲ್ಲಿ ಹಲ್ಲಿ ಬಿದ್ದದ್ದು ಕಂಡವರ ಹಾಗಿರುತ್ತದೆ. ಆ ಟ್ರೇಲರುಗಳೆಲ್ಲ ಚೆನ್ನಾಗಿವೆ ಅಂತ ನಾನು ವಕಾಲತ್ತು ವಹಿಸುತ್ತಿಲ್ಲ. ಎಷ್ಟೋ ನಿಜಕ್ಕೂ ದರಿದ್ರವಾಗಿರುತ್ತವೆ. ನನ್ನ ತಕರಾರು ಇರುವುದು ಬೈಯಲು ಆರಿಸಿಕೊಂಡ ಪದದ ಬಗ್ಗೆ.

2022ರ ಅಕ್ಟೋಬರ್ 2ರಂದು ಅಯೋಧ್ಯೆಯಲ್ಲಿ ‘ಆದಿಪುರುಷ್’ ಟೀಸರ್ ಬಿಟ್ಟರಲ್ಲ, ಅಂದಿನ ಗಲಾಟೆ ನೆನಪಿದೆಯೇ? ಓಂ ರಾವುತ್ ನಿರ್ದೇಶನ, ಪ್ರಭಾಸ್ ರಾಮ, ಕೃತಿ ಸನೋನ್ ಸೀತೆ, ಸೈಫ್ ಅಲಿ ಖಾನ್ ರಾವಣ. ಹೈದರಾಬಾದಿನಲ್ಲಿ ಪ್ರಭಾಸ್ ಅಂದರೆ ಮನೆಮಗ. ಮೆಹದಿಪಟ್ಟಣದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್‌ನಿಂದ ಹಿಡಿದು ಸೊಸೈಟಿ ಸೆಕ್ರೆಟರಿವರೆಗೆ ಎಲ್ಲರ ಮೊಬೈಲಿನಲ್ಲೂ ಅದೇ. ರಾತ್ರಿ ಊಟದ ಹೊತ್ತಿಗೆ ಬ್ಯಾಂಕಿನ ಗ್ರೂಪು, ಅಪಾರ್ಟ್‌ಮೆಂಟಿನ ಗ್ರೂಪು, ನಮ್ಮ ಕನ್ನಡಿಗರ ಗ್ರೂಪು ಮೂರರಲ್ಲೂ ಒಂದೇ ರಾಗ. ಕಾರ್ಟೂನ್, ಕಾರ್ಟೂನ್, ಕಾರ್ಟೂನ್.

ಮಜಾ ಇರುವುದು ಮುಂದೆ. ಹಾಗೆ ಬೈದವರೇ ಅರ್ಧ ಗಂಟೆ ಬಿಟ್ಟು ಇನ್ನೊಂದು ತುಣುಕು ಕಳಿಸಿದರು. ‘ಇದು ನೋಡಿ, ರಾಮಾಯಣ ಅಂದರೆ ಇದು!’ ಏನದು? 1992ರಲ್ಲಿ ಜಪಾನಿನವರು ನಮ್ಮವರ ಜೊತೆ ಸೇರಿ ಮಾಡಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ಅಂದರೆ ಏನು? ಕಾರ್ಟೂನು! ಅಪ್ಪಟ, ಕೈಯಲ್ಲಿ ಬರೆದ, ಜಪಾನೀ ಅನಿಮೆ. ‘ಕಾರ್ಟೂನ್ ಥರಾ ಇದೆ’ ಎಂದು ಒಂದನ್ನು ಕಸಕ್ಕೆ ಎಸೆದು, ‘ಹೀಗಿರಬೇಕು’ ಅಂತ ಕಾರ್ಟೂನನ್ನೇ ತಂದು ಎದುರಿಗಿಡುವುದು. ಡೆಬಿಟ್ಟೂ ಅದೇ ಖಾತೆಗೆ, ಕ್ರೆಡಿಟ್ಟೂ ಅದೇ ಖಾತೆಗೆ. ಇಂಥ ವೋಚರ್ ನನ್ನ ಮೇಜಿಗೆ ಬಂದಿದ್ದರೆ ವಾಪಸ್ ಕಳಿಸುತ್ತಿದ್ದೆ.

ಆ ಜಪಾನೀ ಚಿತ್ರದ ಕಥೆ ಸ್ವಲ್ಪ ಹೇಳಬೇಕು, ಏಕೆಂದರೆ ಈ ಬೈಗುಳದ ಬೇರು ಅಲ್ಲೇ ಇದೆ. ಯುಗೋ ಸಾಕೋ ಅಂತ ಒಬ್ಬರು. 1983ರ ಸುಮಾರಿಗೆ ಪುರಾತತ್ವದ ಡಾ. ಬಿ.ಬಿ. ಲಾಲ್ ಅವರ ಉತ್ಖನನಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಇಲ್ಲಿಗೆ ಬಂದವರು. ಬಂದವರಿಗೆ ರಾಮಾಯಣ ಹಿಡಿಸಿಬಿಟ್ಟಿತು. ಅನಿಮೇಷನ್ನಿನಲ್ಲಿ ಮಾಡುತ್ತೇನೆ ಅಂದರು. ಜಪಾನಿನಲ್ಲಿ ಅದು ಮಕ್ಕಳಾಟವಲ್ಲ, ಗಂಭೀರ ಕಲೆ ಅಂತ ವಿವರಿಸಿದರು. ರಾಮ ದೇವರು, ದೇವರಿಗೆ ನಟನೊಬ್ಬನ ಮುಖ ಅಂಟಿಸುವುದಕ್ಕಿಂತ ಬರೆದು ತೋರಿಸುವುದೇ ಸರಿ ಎಂಬುದು ಅವರ ವಾದ. ನಮ್ಮ ಸರ್ಕಾರ ಮೊದಲು ಹೂಂ ಅಂದು, ಆಮೇಲೆ ಜಂಟಿಯಾಗಿ ಮಾಡಲು ಒಲ್ಲೆ ಅಂದಿತು. ಕಾರಣ? ರಾಮಾಯಣ ಬಹಳ ಸೂಕ್ಷ್ಮ ವಿಷಯ, ಅದನ್ನು ಕಾರ್ಟೂನಾಗಿ ತೋರಿಸುವ ಹಾಗಿಲ್ಲ!

ಸಾಕೋ ಬಿಡಲಿಲ್ಲ. ಕೊಯಿಚಿ ಸಾಸಾಕಿ, ನಮ್ಮ ರಾಮ್ ಮೋಹನ್ ಜೊತೆಗೂಡಿ ಜಪಾನಿನಲ್ಲಿ ಚಿತ್ರ ಮುಗಿಸಿದರು. ರಾಮ್ ಮೋಹನ್ ಅಂದರೆ ಭಾರತದ ಅನಿಮೇಷನ್ನಿಗೆ ಅಜ್ಜ ಇದ್ದ ಹಾಗೆ, 2019ರಲ್ಲಿ ತೀರಿಕೊಂಡರು. ವನರಾಜ್ ಭಾಟಿಯಾ ಸಂಗೀತ, ಹಾಡುಗಳು ಸಂಸ್ಕೃತದಲ್ಲಿ. ಹಿಂದಿಯಲ್ಲಿ ರಾಮನಿಗೆ ಅರುಣ್ ಗೋವಿಲ್ ದನಿ, ರಾವಣನಿಗೆ ಅಮರೀಶ್ ಪುರಿ. ಎರಡೂಕಾಲು ಗಂಟೆಯ ಚಿತ್ರ, ಒಂದೊಂದು ಚೌಕಟ್ಟೂ ಕೈಯಿಂದ ಬರೆದದ್ದು. ಅಷ್ಟರಲ್ಲಿ ದೇಶದಲ್ಲಿ ಅಯೋಧ್ಯೆಯ ಗಲಭೆ, ಚಿತ್ರ ಸರಿಯಾಗಿ ಥಿಯೇಟರಿಗೆ ಬರಲೇ ಇಲ್ಲ. ಟಿವಿಯಲ್ಲಿ ಬಂತು. ರಜೆಯಲ್ಲಿ ಮಕ್ಕಳು ನೋಡಿದವು, ಮತ್ತೆ ಮತ್ತೆ ನೋಡಿದವು. ಆ ಮಕ್ಕಳೇ ಈಗ ಮೂವತ್ತು ದಾಟಿ ಗ್ರೂಪಿನಲ್ಲಿ ತುಣುಕು ಕಳಿಸುವವರು. 2025ರ ಜನವರಿ 24ರಂದು ಅದೇ ಚಿತ್ರ ತಿದ್ದಿ ತೀಡಿಕೊಂಡು ಥಿಯೇಟರಿಗೆ ಬಂತು. ಇಂಗ್ಲಿಷು, ಹಿಂದಿ, ತೆಲುಗು, ತಮಿಳಿನಲ್ಲಿ. (ಕನ್ನಡ? ಕೇಳಬೇಡಿ, ಅದು ಬೇರೆಯೇ ಹೊಟ್ಟೆಯುರಿ, ಇನ್ನೊಂದು ದಿನ ಬರೆಯುತ್ತೇನೆ.) ಸಾಕೋ ನೋಡಲು ಇರಲಿಲ್ಲ, 2012ರಲ್ಲೇ ಹೋಗಿದ್ದರು.

‘ಆದಿಪುರುಷ್’ ಆ ಜಪಾನೀ ಚಿತ್ರದ ರೀಮೇಕ್ ಏನಲ್ಲ. ಇಬ್ಬರದೂ ಮೂಲ ವಾಲ್ಮೀಕಿಯೇ. ಆದರೆ ನೋಡುವವರ ತಲೆಯಲ್ಲಿ ರೀಮೇಕೇ ಆಗಿತ್ತು. ಬರೆದ ರಾಮನ ಜಾಗಕ್ಕೆ ‘ನಿಜವಾದ’ ರಾಮ ಬರುತ್ತಾನೆ ಅಂತ ಕಾದಿದ್ದರು.

ಈಗ ಆ ಟೀಸರನ್ನೇ ತೆಗೆದುಕೊಳ್ಳಿ. ನೂರು ಸೆಕೆಂಡಿಗೆ ಸ್ವಲ್ಪ ಹೆಚ್ಚು. ರಾಮ ನೀರಿನಡಿ ಕೂತು ತಪಸ್ಸು ಮಾಡುತ್ತಾನೆ. ಸುಂದರ ಕಲ್ಪನೆ, ಅದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಬಣ್ಣ ಇಳಿದು ಹೋಗುತ್ತದೆ. ಎಲ್ಲಾ ಬೂದಿ, ಎಲ್ಲಾ ನೀಲಿಗಪ್ಪು. ರಾವಣ ಕಿರುಗೂದಲು ಕತ್ತರಿಸಿಕೊಂಡು, ಗಡ್ಡ ಬಿಟ್ಟುಕೊಂಡು ಬಾವಲಿಯಂಥ ದೈತ್ಯ ಪ್ರಾಣಿ ಏರಿ ಬರುತ್ತಾನೆ. ಪುಷ್ಪಕ ಎಲ್ಲಿ ಹೋಯಿತೋ. ವಾನರ ಸೈನ್ಯ ಅಂದರೆ ಗೊರಿಲ್ಲಾಗಳ ಹಿಂಡು. ಲಂಕೆ ಚಿನ್ನದ್ದು ಎಂದು ಎರಡನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ, ಇವರ ಲಂಕೆ ಕಲ್ಲಿದ್ದಲಿನ ಗೋದಾಮು. ಇದೆಲ್ಲ ಏಕೆ ಹೀಗೆ? ಕಾರ್ಟೂನ್ ಥರಾ ಮಾಡಲು ಹೋಗಿದ್ದಕ್ಕಲ್ಲ ಸ್ವಾಮಿ, ಕಾರ್ಟೂನ್ ಥರಾ ಕಾಣಬಾರದು ಅಂತ ಹೆದರಿ ಹೆದರಿ ಮಾಡಿದ್ದಕ್ಕೆ! ಕೋತಿ ‘ನಿಜವಾದ’ ಕೋತಿಯ ಹಾಗೆ ಇರಬೇಕು, ಹಾಗಾಗಿ ಗೊರಿಲ್ಲಾ. ಬಣ್ಣ ಹೆಚ್ಚಾದರೆ ಬೊಂಬೆ ಅನ್ನುತ್ತಾರೆ, ಹಾಗಾಗಿ ಬೂದಿ. ಕತ್ತಲೆ ಹಾಕಿದರೆ ಗ್ರಾಫಿಕ್ಸಿನ ಹೊಲಿಗೆ ಕಾಣುವುದಿಲ್ಲ, ಹಾಗಾಗಿ ಕತ್ತಲೆ.

ಹತ್ತು ತಲೆಯ ವಿಷಯವನ್ನೇ ನೋಡಿ. ಮರುವರ್ಷ ಜೂನ್ 16ಕ್ಕೆ ಚಿತ್ರ ಬಂದಾಗ ರಾವಣನ ತಲೆಗಳು ಎರಡು ಸಾಲಾಗಿ, ಮೇಲೈದು ಕೆಳಗೈದು ಜೋಡಿಸಿದ್ದವು. ಜನ ಬಿದ್ದು ಬಿದ್ದು ನಕ್ಕರು. ಪಾಪ, ಅವರೇನು ಮಾಡಿಯಾರು? ನಿಜವಾದ ಮನುಷ್ಯನ ಹೆಗಲ ಮೇಲೆ ಹತ್ತು ತಲೆ ಹೇಗೆ ಕೂರುತ್ತದೆ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಅದು ಮೂಳೆ ಮಾಂಸದ ಪ್ರಶ್ನೆಯಲ್ಲ, ಗೆರೆಯ ಪ್ರಶ್ನೆ. ಬರೆದರೆ ಹತ್ತು ತಲೆ ಅಡ್ಡಸಾಲಿನಲ್ಲಿ ಆರಾಮಾಗಿ ಕೂರುತ್ತವೆ, ಯಾರೂ ‘ಕತ್ತಿನ ನರ ಎಲ್ಲಿ?’ ಅಂತ ಕೇಳುವುದಿಲ್ಲ.

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯವರಿಗಂತೂ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ತೊಗಲುಗೊಂಬೆ ಆಟ ನೋಡಿ ಬೆಳೆದವರು ನಾವು. ಚರ್ಮ ಹದ ಮಾಡಿ, ತೆಳ್ಳಗೆ ಮಾಡಿ, ಕೊರೆದು, ಕೆಂಪು ಹಸಿರು ಹಚ್ಚಿ, ಹಿಂದೆ ದೀಪ ಇಟ್ಟು ಬಿಳಿ ಪರದೆ ಮೇಲೆ ರಾಮ ರಾವಣರನ್ನು ಕುಣಿಸುತ್ತಿದ್ದರು. ಗಡಿ ದಾಟಿದರೆ ಶ್ರೀ ಸತ್ಯಸಾಯಿ ಜಿಲ್ಲೆಯ ನಿಮ್ಮಲಕುಂಟದಲ್ಲಿ ಇದೇ ಆಟಕ್ಕೆ ತೋಲುಬೊಮ್ಮಲಾಟ ಅನ್ನುತ್ತಾರೆ. ಪರದೆ, ಬೆಳಕು, ಬಣ್ಣದ ಚಪ್ಪಟೆ ಬೊಂಬೆ, ಹಿಂದಿನಿಂದ ದನಿ. ಇದು ಅನಿಮೇಷನ್ ಅಲ್ಲದಿದ್ದರೆ ಮತ್ತಿನ್ನೇನು? ನಮ್ಮ ಮುತ್ತಜ್ಜ ಸೀತೆ ಕಷ್ಟಕ್ಕೆ ಕಣ್ಣೀರು ಹಾಕಿದ್ದು ಈ ಕಾರ್ಟೂನು ನೋಡಿಯೇ. ಪಕ್ಕದಲ್ಲಿ ಕೂತವನು ‘ಛೇ, ಬೊಂಬೆ ಥರಾ ಇದೆ’ ಅಂದಿದ್ದರೆ ಮುತ್ತಜ್ಜ ಅವನನ್ನು ಏನು ಮಾಡುತ್ತಿದ್ದನೋ!

ಇನ್ನೊಂದು ಗಮನಿಸಿ. ಜಪಾನೀ ರಾಮಾಯಣ ಥಿಯೇಟರಿಗೆ ಬಂದ ಮರುದಿನ, 2025ರ ಜನವರಿ 25ರಂದು ಪದ್ಮ ಪ್ರಶಸ್ತಿಗಳ ಪಟ್ಟಿ ಬಂತು. ಅದರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಹೆಸರು, ತೊಗಲುಗೊಂಬೆ ಆಟಕ್ಕೆ ಪದ್ಮಶ್ರೀ. ತೊಂಬತ್ತು ದಾಟಿದ ಅಜ್ಜಿ. ನಮ್ಮ ಗ್ರೂಪಿನಲ್ಲಿ ಎಲ್ಲರೂ ಕೈಮುಗಿಯುವ ಚಿಹ್ನೆ ಹಾಕಿದ್ದೇ ಹಾಕಿದ್ದು. ಅಜ್ಜಿಯ ಬೊಂಬೆಗೆ ನಮಸ್ಕಾರ, ಹುಡುಗರ ಬೊಂಬೆಗೆ ಥೂ!

‘ಹಾಗಾದರೆ ಮನುಷ್ಯರು ಪೌರಾಣಿಕ ಮಾಡಲೇಬಾರದೇ?’ ಅಂತ ನಮ್ಮ ಬ್ರಾಂಚಿನಲ್ಲೇ ಒಬ್ಬರು ಕೇಳಿದರು. ಮಾಡಬಾರದು ಅಂದವರು ಯಾರು? ನಾನಿರುವುದು ಎನ್‌ಟಿಆರ್ ಫೋಟೋ ದೇವರ ಪಟದ ಜೊತೆಗೆ ತೂಗುಹಾಕುವ ಊರಿನಲ್ಲಿ! 1963ರ ‘ಲವಕುಶ’ ಇವತ್ತು ಟಿವಿಯಲ್ಲಿ ಬಂದರೂ ನಮ್ಮ ಪಕ್ಕದ ಮನೆಯ ಅಮ್ಮ ಗ್ಯಾಸ್ ಆರಿಸಿ ಬಂದು ಕೂರುತ್ತಾರೆ. 1957ರ ‘ಮಾಯಾಬಜಾರ್’ ನೋಡಿ. ಎಸ್.ವಿ. ರಂಗಾರಾವ್ ಘಟೋತ್ಕಚ, ಮದುವೆ ಊಟದ ಮುಂದೆ ಕೂತಿದ್ದಾನೆ, ಲಾಡುಗಳು ತಾವಾಗಿಯೇ ತಟ್ಟೆಯಿಂದೆದ್ದು ಬಾಯಿಗೆ ಹಾರಿ ಬರುತ್ತವೆ. ಮಾರ್ಕಸ್ ಬಾರ್ಟ್ಲಿ ಎಂಬ ಛಾಯಾಗ್ರಾಹಕ ಕಂಪ್ಯೂಟರಿಲ್ಲದ ಕಾಲದಲ್ಲಿ ಮಾಡಿದ ಕೈಚಳಕ. ಅದು ‘ನಿಜ’ದ ಹಾಗೆ ಕಾಣುತ್ತದೆಯೇ? ಇಲ್ಲವೇ ಇಲ್ಲ. ಅಪ್ಪಟ ಕಾರ್ಟೂನಿನ ಹಾಗೆ ಕಾಣುತ್ತದೆ! ಅದಕ್ಕೇ ಅಷ್ಟು ವರ್ಷವಾದರೂ ಅಷ್ಟು ಖುಷಿ. ಕೆ.ವಿ. ರೆಡ್ಡಿಯವರಿಗೆ ಆಟ ಆಡುತ್ತಿದ್ದೇನೆ ಅನ್ನುವುದಕ್ಕೆ ನಾಚಿಕೆ ಇರಲಿಲ್ಲ. ಇಂದಿನವರಿಗೆ ಬೇಕಾದಷ್ಟು ಕೋಟಿ ಇದೆ, ಆಟ ಆಡುವ ಧೈರ್ಯ ಇಲ್ಲ. ನಟನೋ ಗೆರೆಯೋ ಎಂಬುದು ಇಲ್ಲಿ ಜಗಳವೇ ಅಲ್ಲ, ಗೆರೆಯ ಬಗ್ಗೆ ಇರುವ ನಾಚಿಕೆ ನನಗೆ ಸಹಿಸುವುದಿಲ್ಲ.

ಈ ನಾಚಿಕೆ ನಮ್ಮದೊಂದೇ ದೇಶದ್ದಲ್ಲ, ಅದೊಂದು ಸಮಾಧಾನ. ಡಿಸ್ನಿಯವರು 2019ರಲ್ಲಿ ‘ಲಯನ್ ಕಿಂಗ್’ ಮತ್ತೆ ಮಾಡಿದರಲ್ಲ, ಎಲ್ಲ ಕಡೆ ‘ಲೈವ್ ಆಕ್ಷನ್’ ಅಂತಲೇ ಕರೆದರು. ಅದರಲ್ಲಿ ಒಂದೇ ಒಂದು ಜೀವಂತ ಸಿಂಹ ಇಲ್ಲ. ಪೂರ್ತಿ ಕಂಪ್ಯೂಟರಿನಲ್ಲಿ ಬರೆದದ್ದು. ಕ್ಯಾಮೆರಾದಲ್ಲಿ ನಿಜವಾಗಿ ತೆಗೆದದ್ದು ಒಂದೇ ಶಾಟು, ಶುರುವಿನ ಸೂರ್ಯೋದಯ ಅಂತ ನಿರ್ದೇಶಕ ಜಾನ್ ಫಾವ್ರೋ ಅವರೇ ಆಮೇಲೆ ಹೇಳಿದರು. ಅಂದರೆ ಹಳೆಯ ಕಾರ್ಟೂನನ್ನು ಹೊಸ ಕಾರ್ಟೂನಾಗಿ ಮಾಡಿ, ‘ಇದು ಕಾರ್ಟೂನ್ ಅಲ್ಲ’ ಅಂತ ಲೇಬಲ್ ಹಚ್ಚಿ ಮಾರಿದರು. 1994ರ ಸಿಂಹಗಳು ಹುಬ್ಬು ಕುಣಿಸುತ್ತಿದ್ದವು, ತುಟಿ ಸೊಟ್ಟ ಮಾಡುತ್ತಿದ್ದವು, ಅಳುತ್ತಿದ್ದವು. 2019ರವು ನಿಜ ಸಿಂಹಗಳ ಹಾಗೆ ಇರಬೇಕಲ್ಲ, ಅಪ್ಪ ಸತ್ತಾಗಲೂ ಮೃಗಾಲಯದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಇರುವ ಮುಖವನ್ನೇ ಇಟ್ಟುಕೊಂಡಿದ್ದವು. ದುಡ್ಡು ಮಾತ್ರ ಚೆನ್ನಾಗಿ ಬಂತು, ಅದನ್ನು ಅಲ್ಲಗಳೆಯುವ ಹಾಗಿಲ್ಲ.

ನಮ್ಮ ಹೈದರಾಬಾದಿನದೇ ಉದಾಹರಣೆ ಬೇಕೇ? ‘ಛೋಟಾ ಭೀಮ್’. ದೇಶದಲ್ಲಿ ಊಟಕ್ಕೆ ಕೂತ ಮಗುವಿನ ಬಾಯಿ ತೆರೆಸಿದ ಪುಣ್ಯಾತ್ಮ. ಇಲ್ಲಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕಾ ಅವರ ಸೃಷ್ಟಿ, 2008ರಲ್ಲಿ ಪೋಗೋದಲ್ಲಿ ಶುರುವಾದದ್ದು. ಢೋಲಕ್‌ಪುರದ ಹುಡುಗ, ಲಾಡು ತಿಂದರೆ ಶಕ್ತಿ. ಗೆರೆ ನೋಡಿದರೆ ಏನೂ ಇಲ್ಲ, ಗುಂಡು ಮುಖ, ಎರಡು ಕಣ್ಣು, ಒಂದು ಧೋತ್ರ. ಜಪಾನಿನವರ ಪಕ್ಕ ಇಟ್ಟರೆ ಬಹಳ ಸಾದಾ ಕೆಲಸ, ಒಪ್ಪುತ್ತೇನೆ. ಆದರೆ ಮಕ್ಕಳಿಗೆ ಅದು ಸಾಕಿತ್ತು. ಕಾರ್ಟೂನಿನ ಹುಡುಗನಿಗೆ ವಯಸ್ಸಾಗುವುದಿಲ್ಲ, ಲಾಡು ತಿಂದರೆ ಶಕ್ತಿ ಯಾಕೆ ಬರುತ್ತದೆ ಅಂತ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. 2012ರಲ್ಲಿ ಅದೇ ಬರೆದ ಭೀಮನನ್ನು ಇಟ್ಟು ‘ಛೋಟಾ ಭೀಮ್ ಅಂಡ್ ದಿ ಕರ್ಸ್ ಆಫ್ ದಮ್ಯಾನ್’ ಅಂತ ಚಿತ್ರ ಮಾಡಿ ಥಿಯೇಟರಿಗೂ ತಂದರು.

ಹನ್ನೆರಡು ವರ್ಷದ ಮೇಲೆ, ಅದೇ ಚಿಲಕಾ ಅವರು, ಅದೇ ಹೆಸರಿನ ಅದೇ ಕಥೆಯನ್ನು ಮನುಷ್ಯರನ್ನಿಟ್ಟು ಮತ್ತೆ ಮಾಡಿದರು. ಯಜ್ಞ ಭಾಸಿನ್ ಭೀಮ, ಗುರು ಶಂಭುವಾಗಿ ಅನುಪಮ್ ಖೇರ್, ಜೊತೆಗೆ ಮಕರಂದ ದೇಶಪಾಂಡೆ. 2024ರ ಮೇ 31ಕ್ಕೆ ಬಂತು. ಅದರ ಟ್ರೇಲರ್ ನಾನು ಮೂರು ಸಲ ನೋಡಿದ್ದೇನೆ. ಹುಡುಗನ ತಪ್ಪೇನೂ ಇಲ್ಲ, ಚೆನ್ನಾಗಿಯೇ ಮಾಡಿದ್ದಾನೆ. ಅನುಪಮ್ ಖೇರ್ ಬಗ್ಗೆ ನಾನೇನು ಹೇಳಲಿ. ಆದರೂ ಅದು ಎಲ್ಲೋ ಶಾಲೆಯ ವಾರ್ಷಿಕೋತ್ಸವದ ಹಾಗೆ ಕಾಣುತ್ತದೆ. ಯಾಕೆಂದರೆ ಬರೆದ ಭೀಮ ರಾಕ್ಷಸನಿಗೆ ಗುದ್ದಿದರೆ ರಾಕ್ಷಸ ಹಾರುವುದು ಗೆರೆಯ ನಿಯಮ. ನಿಜವಾದ ಹುಡುಗ ಗುದ್ದಿದರೆ ಕಣ್ಣು ತಾನಾಗಿ ದಾರ ಹುಡುಕುತ್ತದೆ. ಮಕ್ಕಳು ಇದನ್ನು ನಮಗಿಂತ ಬೇಗ ಕಂಡುಹಿಡಿಯುತ್ತವೆ. ಕೆಳಗಿನ ಮನೆಯ ಆರು ವರ್ಷದ ಪುಟ್ಟಿಗೆ ತೋರಿಸಿದೆ. ‘ಅಂಕಲ್, ಅಸಲು ಭೀಮ್ ಯಾವಾಗ ಬರ್ತಾನೆ?’ ಅಂದಳು. ಅವಳ ಪಾಲಿಗೆ ಅಸಲಿ ಬರೆದವನೇ, ನಟ ನಕಲಿ. ಸಿನಿಮಾ ಬಂದದ್ದೂ ಹೋದದ್ದೂ ನಮ್ಮ ಬಡಾವಣೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ನನಗೆ ಬೇಸರವಾಗುವುದು ಚಿತ್ರ ಸೋತಿತು ಅಂತಲ್ಲ. ಭೀಮನನ್ನು ಬರೆದು ಬರೆದೇ ಇಷ್ಟು ದೊಡ್ಡ ಹೆಸರು ಕಟ್ಟಿದ ಸಂಸ್ಥೆಗೂ, ಬರೆದ ಭೀಮ ಕ್ಲರ್ಕು, ನಟ ಬಂದರೆ ಆಫೀಸರ್ ಪ್ರಮೋಷನ್ ಸಿಕ್ಕ ಹಾಗೆ ಅಂತ ಅನ್ನಿಸಿತಲ್ಲ, ಅದು. (ನಮ್ಮ ಬ್ಯಾಂಕಿನಲ್ಲೂ ಎಷ್ಟೋ ಒಳ್ಳೆಯ ಕ್ಲರ್ಕುಗಳು ಪ್ರಮೋಷನ್ ತಗೊಂಡು ಹಾಳಾಗಿದ್ದಾರೆ, ಅದು ಬೇರೆ ಮಾತು.) ಎಲ್ಲ ರೂಪಾಂತರವೂ ಕೆಟ್ಟದ್ದೇ ಅಂತಲೂ ಅಲ್ಲ. 2023ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಜಪಾನಿನ ‘ಒನ್ ಪೀಸ್’ ಮನುಷ್ಯರೊಂದಿಗೆ ಬಂತು. ಮಗನ ಬಲವಂತಕ್ಕೆ ನೋಡಿದೆ. ನಾಯಕನ ಕೈ ರಬ್ಬರಿನ ಹಾಗೆ ಉದ್ದವಾಗುತ್ತದೆ, ಬಣ್ಣ ಕಣ್ಣಿಗೆ ಕುಕ್ಕುತ್ತದೆ, ಟೋಪಿ ವೇಷ ಎಲ್ಲ ಜಾತ್ರೆಯದು. ಕಾರ್ಟೂನಿನಿಂದ ಬಂದವರು ನಾವು ಅನ್ನುವುದನ್ನು ಮುಚ್ಚಿಡಲೇ ಇಲ್ಲ. ಗೆದ್ದಿತು.

ಇನ್ನು ಈ ಬೈಗುಳ ಹೋಗಿ ಬೀಳುವುದು ಯಾರ ಮೇಲೆ? ನಿರ್ಮಾಪಕರ ಮೇಲಲ್ಲ, ಹೀರೋ ಮೇಲಂತೂ ಅಲ್ಲವೇ ಅಲ್ಲ.

ನಮ್ಮ ಮೇಲಿನ ಮನೆಯಲ್ಲಿ ಸಿಂಧನೂರಿನ ಒಬ್ಬ ಹುಡುಗ ಬಾಡಿಗೆಗೆ ಇದ್ದಾನೆ. ಗಚ್ಚಿಬೌಲಿ ಕಡೆ ಒಂದು ಕಂಪನಿಯಲ್ಲಿ ಗ್ರಾಫಿಕ್ಸ್ ಕೆಲಸ. ರಾತ್ರಿ ಎರಡು ಗಂಟೆಗೆ ಎಕ್ಸ್‌ಪ್ರೆಸ್‌ವೇ ಪಿಲ್ಲರಿನ ಹತ್ತಿರ ಇಳಿದು, ನಾಯಿಗಳ ಹತ್ತಿರ ಬೈಸಿಕೊಂಡು ಮನೆಗೆ ಬರುತ್ತಾನೆ. ಏನಪ್ಪಾ ನಿನ್ನ ಕೆಲಸ ಅಂತ ಒಂದು ಭಾನುವಾರ ಕೇಳಿದೆ.

‘ಏನಿಲ್ರಿ ಕಾಕಾ, ಗೆರಿ ಎಳ್ಯೋದ್ರಿ. ಹೀರೋನ ಸುತ್ತ ಗೆರಿ ಹೊಡೀಬೇಕ್ರಿ. ಬಟ್ಟಿ, ಕೈ, ಕೂದ್ಲ, ಎಲ್ಲಾದಕ್ಕೂ. ಆಮ್ಯಾಲೆ ಹಿಂದಿನ ಹಸರ ಪರದಿ ತಗದು ಕಾಡು ಹಚ್ತಾರ್ರಿ.’

ಇದಕ್ಕೆ ರೋಟೋ ಅನ್ನುತ್ತಾರಂತೆ. ಸೆಕೆಂಡಿಗೆ 24 ಚಿತ್ರ. ನೂರು ಸೆಕೆಂಡಿನ ಟೀಸರ್ ಅಂದರೆ 2,400 ಚಿತ್ರ, ಗ್ರಾಫಿಕ್ಸ್ ಇರುವ ಒಂದೊಂದರ ಹಿಂದೆಯೂ ಇಂಥ ಹುಡುಗರು. ತಮಾಷೆ ಏನು ಗೊತ್ತೇ? ಈ ರೋಟೋಸ್ಕೋಪ್ ಅನ್ನುವ ಉಪಾಯ ಕಂಡುಹಿಡಿದದ್ದೇ ಕಾರ್ಟೂನಿಗಾಗಿ. ಅಮೆರಿಕದ ಮ್ಯಾಕ್ಸ್ ಫ್ಲೈಶರ್ ಎಂಬ ಕಾರ್ಟೂನಿನವನಿಗೆ 1917ರಲ್ಲಿ ಪೇಟೆಂಟ್ ಸಿಕ್ಕಿತು. ನಟನನ್ನು ಚಿತ್ರೀಕರಿಸಿ, ಒಂದೊಂದೇ ಚೌಕಟ್ಟಿನ ಮೇಲೆ ಗೆರೆ ಎಳೆದು ಬೊಂಬೆ ಮಾಡುವುದು. ನೂರು ವರ್ಷದ ಮೇಲೆ ಅದೇ ಗೆರೆ ಇಲ್ಲದೆ ನಿಮ್ಮ ‘ನಿಜವಾದ’ ಸಿನಿಮಾ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಅಂದ ಮೇಲೆ ಕಾರ್ಟೂನ್ ಅಲ್ಲದ್ದು ಯಾವುದು?

‘ಮತ್ತೆ ಅಷ್ಟು ಕೆಟ್ಟದಾಗಿ ಯಾಕೆ ಬರ್ತದೋ?’ ಅಂದೆ.

‘ಟೀಸರ್ ತಾರೀಖು ಮೊದ್ಲು ಗಟ್ಟಿ ಮಾಡ್ತಾರ್ರಿ ಕಾಕಾ. ಹಬ್ಬ, ಮುಹೂರ್ತ, ಹೀರೋ ಬರ್ತ್‌ಡೇ ನೋಡಿ. ನಮ್ಗ ಶಾಟ್ ಬರೋದು ಹದಿನೈದು ದಿವ್ಸ ಮೊದ್ಲು. ಮಾಡಿದ ಮ್ಯಾಲೂ ನಾಕು ಸಲ ಬದಲಿ ಮಾಡಸ್ತಾರ್ರಿ. ಕಡೀಕ ಅರ್ಧಾ ಆದದ್ದೇ ಹೋಗ್ತದ್ರಿ.’

ಟ್ರೇಲರ್ ಅಂದರೆ ಒಂದು ಪ್ರಾಸ್ಪೆಕ್ಟಸ್. ಷೇರು ಮಾರುವ ಕಂಪನಿ ಪ್ರಾಸ್ಪೆಕ್ಟಸಿನಲ್ಲಿ ಅರ್ಧಂಬರ್ಧ ಲೆಕ್ಕ ಹಾಕಿದರೆ ಯಾರನ್ನು ಹಿಡಿಯುತ್ತೀರಿ? ಸಹಿ ಹಾಕಿದ ಡೈರೆಕ್ಟರುಗಳನ್ನೋ, ಟೈಪ್ ಮಾಡಿದ ಹುಡುಗನನ್ನೋ? ಸಿನಿಮಾದಲ್ಲಿ ಮಾತ್ರ ನಾವು ಟೈಪಿಸ್ಟನ್ನು ಹಿಡಿದು ಬಾರಿಸುತ್ತೇವೆ. ‘ಆದಿಪುರುಷ್’ ಟೀಸರಿಗೆ ಬೈಗುಳ ಬಿದ್ದ ಕೂಡಲೇ ಒಂದು ಹೆಸರಾಂತ ಗ್ರಾಫಿಕ್ಸ್ ಕಂಪನಿ ಇದು ನಮ್ಮ ಕೆಲಸವಲ್ಲ ಅಂತ ಹೇಳಿಕೆ ಕೊಟ್ಟು ಕೈತೊಳೆದುಕೊಂಡಿತು. ನಿರ್ದೇಶಕರು, ಇದು ದೊಡ್ಡ ಪರದೆಗೆ ಮಾಡಿದ್ದು, ಮೊಬೈಲಿನಲ್ಲಿ ನೋಡಿದರೆ ಹೀಗೇ ಅಂದರು. ಸಂಕ್ರಾಂತಿಗೆ ಬರಬೇಕಾದ ಚಿತ್ರ ಜೂನಿಗೆ ಹೋಯಿತು. ಈ ಐದು ತಿಂಗಳ ತಿದ್ದುಪಡಿಯ ರಾತ್ರಿಗಳನ್ನು ಎದ್ದು ಕಳೆದವರು ಯಾರು ಅಂತ ಯಾವ ಪತ್ರಿಕೆಯಲ್ಲೂ ನಾನು ಓದಲಿಲ್ಲ.

ಈ ಜನ ಗೆದ್ದಾಗಲೂ ಅಷ್ಟೇ. ‘ಲೈಫ್ ಆಫ್ ಪೈ’ ಚಿತ್ರದ ಹುಲಿ ನೆನಪಿದೆಯಲ್ಲ? ಅದನ್ನು ಮಾಡಿದ ರಿದಮ್ ಅಂಡ್ ಹ್ಯೂಸ್ ಕಂಪನಿಗೆ ನಮ್ಮ ಹೈದರಾಬಾದಿನಲ್ಲೂ ಒಂದು ಶಾಖೆ ಇತ್ತು. 2013ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಎರಡು ವಾರಕ್ಕೆ ಅದೇ ಹುಲಿಗೆ ಆಸ್ಕರ್ ಬಂತು. ವೇದಿಕೆಯ ಮೇಲೆ ಕಂಪನಿಯ ಕಷ್ಟ ಹೇಳಲು ಹೊರಟವರ ಮಾತು ಮುಗಿಯುವ ಮೊದಲೇ ಸಂಗೀತ ಹಾಕಿ ಮೈಕು ಬಂದ್ ಮಾಡಿದರು. ಆಮೇಲೆ 2025ರ ಫೆಬ್ರವರಿ. ‘ಲಯನ್ ಕಿಂಗ್’ ಸಿಂಹಗಳನ್ನು ಮಾಡಿದ ಎಂಪಿಸಿ ಇತ್ತಲ್ಲ, ಅದರ ತಾಯಿ ಕಂಪನಿ ಟೆಕ್ನಿಕಲರ್ ಕುಸಿದು ಬಿತ್ತು. ನಮ್ಮ ಬೆಂಗಳೂರಿನ ಕಚೇರಿಯ ಬಾಗಿಲೂ ಮುಚ್ಚಿತು, ಸಾವಿರಾರು ಹುಡುಗರು ಹುಡುಗಿಯರು ರಾತ್ರೋರಾತ್ರಿ ಬೀದಿಗೆ. ಅವರು ಬರೆದ ಸಿಂಹಕ್ಕೆ ‘ಲೈವ್’ ಅಂತ ಹೆಸರಿಟ್ಟು, ಬರೆದವರೇ ಇಲ್ಲವೇನೋ ಅನ್ನುವ ಹಾಗೆ ಮಾಡಿದ್ದರು. ಇಲ್ಲದವರು ಕೆಲಸ ಕಳಕೊಂಡರೆ ಯಾರಿಗೆ ತಿಳಿಯಬೇಕು?

ಮೇಲಿನ ಮನೆಯ ಹುಡುಗನ ಇಬ್ಬರು ಗೆಳೆಯರು ಅಂದು ಬೆಂಗಳೂರಿನಿಂದ ಬ್ಯಾಗು ಹಿಡಿದು ಬಂದು ಅವನ ರೂಮಿನಲ್ಲೇ ಎರಡು ತಿಂಗಳು ಇದ್ದರು. ನಮ್ಮ ಮನೆಯವಳು ಭಾನುವಾರ ರೊಟ್ಟಿ ಎಣ್ಣೆಗಾಯಿ ಮಾಡಿದರೆ ಮೂವರಿಗೂ ಕಳಿಸುತ್ತಿದ್ದಳು.

ನನಗೆ ಇದು ಬ್ಯಾಂಕಿನಲ್ಲೂ ಎದುರಾಗುತ್ತದೆ. ಅನಿಮೇಷನ್ ಕೋರ್ಸಿಗೆ ಶಿಕ್ಷಣ ಸಾಲ ಕೇಳಿಕೊಂಡು ಬರುವ ಮಕ್ಕಳ ಅಪ್ಪಂದಿರ ಮುಖ ನೋಡಬೇಕು. ಎಂಜಿನಿಯರಿಂಗ್ ಅಂದರೆ ಎದೆಯುಬ್ಬಿಸಿ ಕೂರುವವರು, ಅನಿಮೇಷನ್ ಅಂದರೆ ಕುರ್ಚಿಯ ಅಂಚಿಗೆ ಕೂತು ‘ಏನೋ ಸರ್, ಕಾರ್ಟೂನ್ ಗೀರ್ಟೂನ್ ಬಿಡಿಸ್ತಾನಂತೆ’ ಅಂತ ತಲೆ ತಗ್ಗಿಸುತ್ತಾರೆ. ಪಕ್ಕದಲ್ಲಿ ಕೂತ ಮಗನಿಗೆ ಅದು ಕೇಳುತ್ತಿರುತ್ತದೆ. ನಾಲ್ಕು ಲಕ್ಷದವರೆಗೆ ಜಾಮೀನೂ ಬೇಡ, ಮಾರ್ಜಿನ್ನೂ ಬೇಡ ಅಂತ ಸ್ಕೀಮಿನಲ್ಲೇ ಇದೆ, ಫಾರಂ ತುಂಬಿ ಅನ್ನುತ್ತೇನೆ. ತಲೆ ತಗ್ಗಿಸುವುದಕ್ಕೆ ಯಾವ ಸ್ಕೀಮೂ ಇಲ್ಲವಲ್ಲ! ಅದೇ ಅಪ್ಪ ಸಂಜೆ ಮನೆಗೆ ಹೋಗಿ ಯಾವುದೋ ಟ್ರೇಲರ್ ನೋಡಿ ‘ಕಾರ್ಟೂನ್ ಥರಾ ಇದೆ’ ಅನ್ನುತ್ತಾನೆ. ಮಗ ಪಕ್ಕದ ಕೋಣೆಯಲ್ಲಿ ಕೂತು ಬರೆಯುತ್ತಿರುತ್ತಾನೆ.

2025ರ ಜುಲೈ 25ಕ್ಕೆ ‘ಮಹಾವತಾರ್ ನರಸಿಂಹ’ ಬಂತು. ಅಶ್ವಿನ್ ಕುಮಾರ್ ನಿರ್ದೇಶನ, ನಮ್ಮ ಕೆಜಿಎಫ್‌ನ ಹೊಂಬಾಳೆಯವರು ಅರ್ಪಿಸಿದ್ದು. ಕನ್ನಡದಲ್ಲೂ ಬಂತು, ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಟ್ರೇಲರ್ ಬಂದಾಗ ನಮ್ಮ ಗ್ರೂಪಿನ ಪಂಡಿತರು ಯಥಾಪ್ರಕಾರ ‘ಕಾರ್ಟೂನ್’ ಅಂತ ಉಗುಳಿದರು. ಈ ಸಲ ಅದು ಬೈಗುಳವಲ್ಲ, ಬರೀ ವರ್ಣನೆ, ಏಕೆಂದರೆ ಅದು ಕಾರ್ಟೂನೇ! ಆ ಅನಿಮೇಷನ್ ಅಂಥ ನಯವಾದದ್ದೇನಲ್ಲ, ಅಲ್ಲಲ್ಲಿ ವಿಡಿಯೋ ಗೇಮಿನ ಹಾಗೆ ಕೈಕಾಲು ಆಡಿಸುತ್ತಾರೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರ್ ಅವರ ಹಿರಣ್ಯಕಶಿಪು ನೋಡಿದ ನನಗೆ ಈ ಹಿರಣ್ಯಕಶಿಪು ಅರ್ಧಕ್ಕೂ ಬರಲಿಲ್ಲ. ಆದರೆ ಕಂಬ ಒಡೆದು ನರಸಿಂಹ ಬಂದಾಗ ಥಿಯೇಟರಿನಲ್ಲಿ ಅಜ್ಜಿಯರು ಕೈಮುಗಿದದ್ದನ್ನು ನಾನೇ ನೋಡಿದ್ದೇನೆ. ಅರ್ಧ ಸಿಂಹ ಅರ್ಧ ಮನುಷ್ಯ, ಯಾವ ಮೇಕಪ್ ಅಂಟಿಸಿದರೂ ನಗು ಬರುವ ರೂಪ, ಬರೆದಾಗ ಭಯವಾಗುತ್ತದೆ. ದುಡ್ಡು 300 ಕೋಟಿ ದಾಟಿತು ಅಂತ ಪತ್ರಿಕೆಗಳು ಬರೆದವು. ನಿರ್ಮಾಪಕರಿಗೆ ನನ್ನ ಲೇಖನ ಅರ್ಥವಾಗದಿದ್ದರೂ ಈ ಅಂಕಿ ಅರ್ಥವಾದೀತು.

ಅದೇ ಜುಲೈ 3ರಂದು ನಿತೇಶ್ ತಿವಾರಿಯವರ ‘ರಾಮಾಯಣ’ದ ಮೊದಲ ಝಲಕ್ ಬಿಟ್ಟಿದ್ದರು. ರಣಬೀರ್ ರಾಮ, ಸಾಯಿ ಪಲ್ಲವಿ ಸೀತೆ, ನಮ್ಮ ಯಶ್ ರಾವಣ. ಎರಡು ಭಾಗ, 2026 ಮತ್ತು 2027ರ ದೀಪಾವಳಿಗೆ ಅಂತ ಘೋಷಣೆ. ಯಶ್ ಇದ್ದ ಮೇಲೆ ಕನ್ನಡಿಗರ ಗ್ರೂಪಿನಲ್ಲಿ ಕೇಳಬೇಕೇ, ಹಬ್ಬ! ಆ ಝಲಕನ್ನು ಮತ್ತೊಮ್ಮೆ ನೋಡಿ. ನಟರು ಕಾಣುವುದು ಕೊನೆಯಲ್ಲಿ ಕೆಲವೇ ಕ್ಷಣ. ಉಳಿದದ್ದೆಲ್ಲ ಬ್ರಹ್ಮ ವಿಷ್ಣು ಮಹೇಶ್ವರ, ಲೋಕಗಳ ಸೃಷ್ಟಿ, ಹೆಸರುಗಳ ಪಟ್ಟಿ, ಎಲ್ಲಾ ಬರೆದದ್ದು. ಮೈ ಜುಮ್ಮೆನ್ನಿಸಿತು ಅಂತ ಎಲ್ಲರೂ ಹಾಕಿದ್ದು ಆ ಭಾಗಕ್ಕೇ. ಯಾರೂ ಕಾರ್ಟೂನ್ ಅನ್ನಲಿಲ್ಲ. ಚೆನ್ನಾಗಿದ್ದರೆ ಅದಕ್ಕೆ ‘ವಿಷುವಲ್ಸ್’ ಅಂತ ಹೆಸರು, ಕೆಟ್ಟರೆ ಮಾತ್ರ ‘ಕಾರ್ಟೂನ್’.

ಮೇಲಿನ ಮನೆ ಹುಡುಗ ಈಗ ಬೇರೆ ಕಂಪನಿಗೆ ಹೋಗಿದ್ದಾನೆ. ಯಾವ ಸಿನಿಮಾದ ಕೆಲಸವೋ ಅಂದರೆ ಹೇಳುವುದಿಲ್ಲ, ಬಾಯಿಬಿಡಬಾರದು ಅಂತ ಸಹಿ ಮಾಡಿಸಿಕೊಂಡಿದ್ದಾರಂತೆ. ‘ಟ್ರೇಲರ್ ಬಂದಾಗ ನೋಡ್ರಿ ಕಾಕಾ, ಬಲಗಡೆ ಮೂಲ್ಯಾಗ ಒಂದು ಗಿಡ ಅಲುಗಾಡ್ತದ, ಅದರ ಗೆರಿ ನಂದೇ’ ಅಂದಿದ್ದಾನೆ. ಯಾವ ಟ್ರೇಲರ್ ಅಂತ ಗೊತ್ತಿಲ್ಲದೆ, ಈಗ ಬರುವ ಎಲ್ಲಾ ಟ್ರೇಲರುಗಳ ಬಲಗಡೆ ಮೂಲೆ ನೋಡುತ್ತಾ ಕೂತಿದ್ದೇನೆ.